ಎಡ ತಿರುವಿನ ಕೈಮರ

ನಾನು ನಿಂತಿದ್ದದ್ದು ಚಾಮರಾಜಪೇಟೆಯ ಒಂದು ಬೈಂಡಿಂಗ್ ಅಂಗಡಿಯ ಮಹಡಿಯಲ್ಲಿ, ಬಾಗಿಲಿಗೆ ಬೆನ್ನು ಮಾಡಿಕೊಂಡು. ಹೋದ ವರ್ಷ, ಅವರೆಕಾಯಿ ಮುಗಿಯುತ್ತಿದ್ದ ಕಾಲ, ಭಾನುವಾರ. ಗೋಡೆಯ ಗಡಿಯಾರ ಹನ್ನೊಂದಕ್ಕೆ ಆರು ನಿಮಿಷ ತೋರಿಸುತ್ತಿತ್ತು. ಆ ಗಡಿಯಾರ ನಾಲ್ಕು ನಿಮಿಷ ಮುಂದಿರುತ್ತದೆ. ಆದ್ದರಿಂದ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು ಎಂದು ಬರೆಯುತ್ತೇನೆ. ನನ್ನ ಬಲಕ್ಕೆ ಒಂದು ಕುರ್ಚಿ, ಅದರ ಮುಂದೆ ದೊಡ್ಡ ಪರದೆ. ಎಡಕ್ಕೆ ಒಂದು ಸ್ಟೂಲು, ಅದರ ಮುಂದೆ ಚಿಕ್ಕ ಪರದೆ. ನಡುವೆ ಆಳೆತ್ತರದ ರಟ್ಟಿನ ಅಡ್ಡ. ಎರಡೂ ಪರದೆಗಳು ಒಟ್ಟಿಗೆ ಕಾಣುವ ಜಾಗ ಆ ಕೋಣೆಯಲ್ಲಿ ನಾನು ನಿಂತಿದ್ದದ್ದು ಒಂದೇ. ಅಲ್ಲೇ ನಿಲ್ಲಬೇಕೆಂದು ನಾಲ್ಕು ತಿಂಗಳ ಹಿಂದೆಯೇ ಗೊತ್ತುಮಾಡಿಕೊಂಡಿದ್ದೆ.

ಬಲಗಡೆ ಕೂತಿದ್ದವರು ನಮ್ಮಪ್ಪನ ಕೆಲಸ ತಿಂದವರು. ಎಡಗಡೆ ಕೂತಿದ್ದವರು ನಮ್ಮಪ್ಪ.

ಮೊದಲು ಆಟದ ವಿಷಯ ಹೇಳಬೇಕು. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟ ಅದು. ಇಪ್ಪತ್ತು ವರ್ಷ ದಾಟಿದೆ. ಮಾಡಿದ ಕಂಪನಿ ಯಾವತ್ತೋ ಅದನ್ನು ಕೈಬಿಟ್ಟಿತು. ಅದರಲ್ಲಿ ಮರಗಳೆಂದರೆ ಎರಡು ಹಲಗೆಗಳನ್ನು ಅಡ್ಡಡ್ಡ ಸಿಕ್ಕಿಸಿದ ಹಾಗೆ. ಕೆರೆಯ ನೀರು ನೀಲಿ ಕಾಗದ. ಪ್ಲಾಟ್‌ಫಾರಂ ಮೇಲೆ ನಿಂತ ಜನ ಗಾಡಿ ಬಂದರೂ ಅಲ್ಲಾಡುವುದಿಲ್ಲ. ಅಂಗಡಿಯ ಯಜಮಾನರು ಈ ಆಟಕ್ಕಾಗಿಯೇ ಹಳೆಯ ಕಂಪ್ಯೂಟರುಗಳನ್ನು ಬದುಕಿಸಿಟ್ಟಿದ್ದರು. ಯಂತ್ರ ಮುನಿಸಿಕೊಂಡ ದಿನ ಅದರ ಹೊಟ್ಟೆಯಿಂದ ಒಂದು ಹಸಿರು ಪಟ್ಟಿ ಕಿತ್ತು, ಶಾಲೆಯ ಮಕ್ಕಳ ರಬ್ಬರಿನಿಂದ ಅದರ ಅಂಚನ್ನು ಉಜ್ಜಿ ಮತ್ತೆ ಸಿಕ್ಕಿಸುತ್ತಿದ್ದರು. ಬಹುಪಾಲು ಸಲ ಎದ್ದು ಕೂರುತ್ತಿತ್ತು.

ಭಾನುವಾರ ಬೆಳಿಗ್ಗೆ ನಾವು ಐದು ಜನ ಸೇರುತ್ತಿದ್ದೆವು. ಅಂಗಡಿಯ ಯಜಮಾನರು, ಬಸವನಗುಡಿಯ ನಿವೃತ್ತ ಭೂಗೋಳದ ಟೀಚರ್, ಮಲ್ಲೇಶ್ವರದ ಒಬ್ಬ ಹಲ್ಲಿನ ಡಾಕ್ಟರು, ನಾನು, ಆಮೇಲೆ ಅಪ್ಪ. ಇಷ್ಟು ಹಳೆಯ ಆಟ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಡಾಕ್ಟರ ಬಾವಮೈದುನ ಒಮ್ಮೆ ಬಂದು, ಹೊಸ ಆಟಗಳಲ್ಲಿ ಮಳೆ ಬಂದರೆ ಗಾಜಿನ ಮೇಲೆ ಹನಿ ಹನಿಯಾಗಿ ಇಳಿಯುತ್ತದೆ ಎಂದು ವರ್ಣಿಸಿದ. "ಹನಿ ನೋಡ್ಬೇಕು ಅನ್ಸಿದ್ರೆ ನಾನು ಮನೆ ಕಿಟಕಿ ತೆಗೀತೀನಪ್ಪ," ಎಂದರು ಟೀಚರ್.

ನನಗೆ ತಿಳಿದಂತೆ ಕಾರಣ ಎರಡು. ಒಂದು, ಇದರಲ್ಲಿ ಹಳಿಯನ್ನು ನಾವೇ ಹಾಕಬಹುದು, ಗೇಣು ಗೇಣಾಗಿ. ಮೀಟರ್ ಗೇಜು ಕಿತ್ತು ಎಷ್ಟೋ ಕಾಲವಾಯಿತು. ಗೇಟಿನ ಗುಡಿಸಲು, ನೀರಿನ ತೊಟ್ಟಿ, ತಂತಿ ಎಳೆದರೆ ಇಳಿಯುವ ಕೈಮರ ಯಾವುದೂ ಭೂಮಿಯ ಮೇಲಿಲ್ಲ. ಇಲ್ಲಿ ಅವನ್ನು ಇದ್ದ ಕಡೆಯೇ ಮತ್ತೆ ನಿಲ್ಲಿಸಬಹುದು. ಕೈಮರವೆಂದರೆ ಕಂಬದ ಮೇಲೊಂದು ಕೆಂಪು ತೋಳು. ತೋಳು ಅಡ್ಡ ನಿಂತಿದ್ದರೆ ಗಾಡಿ ನಿಲ್ಲಬೇಕು; ಇಳಿದಿದ್ದರೆ ಹೋಗಬೇಕು.

ಎರಡನೆಯದು ಆಟದ ಮೊಂಡುತನ. ಹೊಸ ಆಟಗಳಲ್ಲಿ ಕತ್ತು ಹೊರಗೆ ಹಾಕಬಹುದು, ಹದ್ದಿನಂತೆ ಮೇಲೆ ಹಾರಿ ಗಾಡಿಯನ್ನು ನೋಡಬಹುದು. ಇದರಲ್ಲಿ ಡ್ರೈವರ್ ಕುರ್ಚಿಯಲ್ಲಿ ಕೂತವನ ಕಣ್ಣಿಗೆ ಮೊಳೆ ಹೊಡೆದಂತೆ, ಅದು ಒಂದೇ ಕಡೆ. ಅಲ್ಲಿಂದ ಕಂಡದ್ದು ಕಂಡಿತು, ಕಾಣದ್ದು ಕಾಣಲಿಲ್ಲ. ಬೇರೆಯವರು ಇದನ್ನು ಕೊರತೆ ಎನ್ನುತ್ತಾರೆ. ನನಗೆ ಬೇಕಾಗಿದ್ದದ್ದು ಅದೇ.

ಅಪ್ಪ ಮೊದಲ ಸಲ ಬಂದಾಗ ಪರದೆಯನ್ನು ಹತ್ತು ನಿಮಿಷ ನೋಡಿ, "ಎಡಗಡೆ ಯಾರಿದಾರೆ?" ಎಂದು ಕೇಳಿದರು. ಯಾರೂ ಇಲ್ಲ ಎಂದೆವು. "ಹಾಗಾದ್ರೆ ಇದು ಗಾಡಿ ಅಲ್ಲ," ಎಂದು ಕಾಫಿ ಕುಡಿದು ಹೊರಟುಬಿಟ್ಟರು. ಆ ಮಾತು ಯಜಮಾನರಿಗೆ ನಾಟಿತು. ಎಲ್ಲೋ ಯಾರೋ ಹವ್ಯಾಸಿಗಳು ಈ ಆಟಕ್ಕೆಂದು ಬರೆದ ಒಂದು ಪುಟ್ಟ ಪ್ರೋಗ್ರಾಮನ್ನು ಹುಡುಕಿ, ಎರಡನೆಯ ಕಂಪ್ಯೂಟರಿನಲ್ಲಿ ಅದೇ ಇಂಜಿನ್ನಿನ ಎಡ ಕಿಟಕಿ ಮಾತ್ರ ಕಾಣುವಂತೆ ಮಾಡಿದರು. ಡ್ರೈವರ್ ಕದ್ದು ನೋಡಬಾರದೆಂದು ನಡುವೆ ದಪ್ಪ ರಟ್ಟು ನಿಲ್ಲಿಸಿದರು. ಅಂದಿನಿಂದ ನಮ್ಮ ಪದ್ಧತಿ ಬಂತು: ಎಡಗಡೆಯವರು ಕೈಮರ ನೋಡಿ ಗಟ್ಟಿಯಾಗಿ ಹೇಳಬೇಕು, ಬಲಗಡೆಯವರು ಅದನ್ನೇ ತಿರುಗಿ ಹೇಳಬೇಕು. ನಿಜವಾದ ಗಾಡಿಯಲ್ಲೂ ಹಾಗೆಯೇ. ಹೇಳಿದ್ದು, ಕೇಳಿದ್ದು ಎರಡೂ ಆಗಬೇಕು.

ಇನ್ನು ನಡೆದದ್ದು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆ ಓಕಳಿಪುರದಲ್ಲಿತ್ತು. ಅಪ್ಪ ಪ್ಯಾಸೆಂಜರ್ ಗಾಡಿಯ ಡ್ರೈವರು. ಅವರ ಸಹಾಯಕ ಬೇರೆ ಊರಿನವರು, ಮದುವೆಯಾಗಿರಲಿಲ್ಲ, ಒಂದು ಕೋಣೆಯಲ್ಲಿ ಇದ್ದರು. ಅಮ್ಮ ಅಪ್ಪನ ಎರಡು ಡಬ್ಬಿಯ ಕ್ಯಾರಿಯರ್ ಕೊಟ್ಟು ಮೂರು ಡಬ್ಬಿಯದನ್ನು ತಂದಳು. ಮೂರನೆಯ ಡಬ್ಬಿ ಅವರದು. ಅವರು ಅಪ್ಪನನ್ನು ಅಣ್ಣ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ, ಒಂದು ಸಣ್ಣ ಸ್ಟೇಷನ್ನಿನ ಹೊರಗೆ (ಅದರ ಹೆಸರು ಬರೆಯುವುದಿಲ್ಲ) ಹಳಿ ಎಡಕ್ಕೆ ತಿರುಗುವ ಕಡೆ ಕೈಮರ ಅಡ್ಡ ನಿಂತಿತ್ತು. ಅದರಾಚೆ ಒಂದು ಗೂಡ್ಸ್ ಗಾಡಿಯ ಬಾಲ ಇತ್ತು. ಆ ದಿನ ಇಂಜಿನ್ನನ್ನು ತಿರುಗಿಸದೆ, ಉದ್ದ ಮೂತಿ ಮುಂದಾಗಿ, ಡ್ರೈವರ್ ಕೂರುವ ಕ್ಯಾಬಿನ್ ಹಿಂದಾಗಿ ಜೋಡಿಸಿದ್ದರು. ಬಲಗಡೆ ಕೂತ ಡ್ರೈವರಿಗೆ ಎಡ ತಿರುವಿನಲ್ಲಿ ಆ ಮೂತಿಯೊಂದೇ ಕಾಣುವುದು. ಸಹಾಯಕ ಹೇಳಿದ್ದು, "ಇಳಿದಿದೆ." ಅಪ್ಪ ತಿರುಗಿ ಹೇಳಿದ್ದು, "ಇಳಿದಿದೆ." ಗೂಡ್ಸ್ ಗಾಡಿ ಕಣ್ಣಿಗೆ ಬೀಳುವ ಹೊತ್ತಿಗೆ ಬ್ರೇಕು ಹಾಕಿದರೂ ಸಾಲಲಿಲ್ಲ. ಯಾರೂ ಸಾಯಲಿಲ್ಲ. ಅಪ್ಪನ ಮುಂದಿನ ಎರಡು ಹಲ್ಲು ಹೋದವು.

ವಿಚಾರಣೆಯಲ್ಲಿ ಸಹಾಯಕ ಎರಡು ಮಾತು ಹೇಳಿದರು. ಒಂದು: ನಾನು ಅಡ್ಡ ಇದೆ ಎಂದೇ ಹೇಳಿದೆ, ಅವರು ಕೇಳಿಸಿಕೊಳ್ಳಲಿಲ್ಲ. ಎರಡು: ಅಷ್ಟಕ್ಕೂ ಅವರ ಕುರ್ಚಿಯಿಂದ ಕೈಮರ ಚೆನ್ನಾಗಿ ಕಾಣುತ್ತಿತ್ತು. ಅಪ್ಪನನ್ನು ಮುರಿದದ್ದು ಎರಡನೆಯ ಮಾತು. ಕಾಣುತ್ತಿತ್ತು ಎಂದ ಮೇಲೆ ಯಾರು ಏನು ಹೇಳಿದರೇನು, ಕೇಳಿದರೇನು? ಕ್ಯಾಬಿನಲ್ಲಿ ಇದ್ದವರು ಇಬ್ಬರೇ. ಅಪ್ಪನನ್ನು ಯಾರ್ಡಿಗೆ ಹಾಕಿದರು. ನಿವೃತ್ತಿಯಾಗುವವರೆಗೆ ಅವರು ಖಾಲಿ ಬೋಗಿಗಳನ್ನು ಒಂದು ಹಳಿಯಿಂದ ಇನ್ನೊಂದು ಹಳಿಗೆ ತಳ್ಳಿದರು. ನಾನು ಸ್ಕೂಲಿನಲ್ಲಿ ಕೆಂಪು ದಾಟಿದವನ ಮಗನಾದೆ. ಸಹಾಯಕ ಕಾಲಕ್ಕೆ ಸರಿಯಾಗಿ ಡ್ರೈವರಾದರು, ಹಾರ ಹಾಕಿಸಿಕೊಂಡು ನಿವೃತ್ತರಾದರು, ಆಮೇಲೆ ಸಂಘಸಂಸ್ಥೆಗಳಲ್ಲಿ ಸುರಕ್ಷತೆಯ ಬಗ್ಗೆ ಭಾಷಣ ಮಾಡಿದರು. ಅಮ್ಮ ಮೂರನೆಯ ಡಬ್ಬಿಯನ್ನು ಕ್ಯಾರಿಯರಿನಿಂದ ಬಿಚ್ಚಿ ಅದರಲ್ಲಿ ಸೂಜಿದಾರ ಇಟ್ಟಳು. ಈಗಲೂ ಅದರಲ್ಲಿ ಸೂಜಿದಾರವೇ ಇದೆ.

ಹೋಗಿ ನೋಡಿ ಬರೋಣವೆಂದರೆ ಆ ತಿರುವೇ ಇಲ್ಲ. ಹಳಿ ಅಗಲ ಮಾಡುವಾಗ ಅದನ್ನು ನೇರ ಮಾಡಿಬಿಟ್ಟರು. ಆದರೆ ನನ್ನ ಕೆಲಸ ನಕ್ಷೆ ಬರೆಯುವುದು. ಹಳೆಯ ನಕ್ಷೆ ಸಿಕ್ಕಿತು. ಆರು ಭಾನುವಾರ ಆಟ ಬಿಟ್ಟು ಅಲ್ಲಿಗೆ ಹೋದೆ. ಹಳೆಯ ಹಳಿಯ ದಿಬ್ಬ ಜಾಲಿಯ ನಡುವೆ ಹಾಗೇ ಇತ್ತು. ಮೋರಿಯ ಕಲ್ಲುಗಳೂ ಇದ್ದವು. ಕೈಮರ ನೆಟ್ಟಿದ್ದ ಕಾಂಕ್ರೀಟಿನ ಗುಂಡಿಯೂ ಸಿಕ್ಕಿತು. ಟೇಪು ಹಿಡಿದು ಅಳೆದೆ. ಬಂದು ಹಳಿ ಹಾಕಿದೆ.

ಇಲ್ಲಿ ಅಪ್ಪನಿಗೂ ನನಗೂ ಜಗಳವಾಯಿತು. ತಿರುವಿನ ಒಳಗಡೆ ಒಂದು ಹೊಂಗೆ ಮರ ಇತ್ತು, ಅದರ ಕೊಂಬೆ ಕೈಮರಕ್ಕೆ ಅಡ್ಡ ಬರುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು. ನಾನು ಆ ಮರವನ್ನು ಹಾಕಲಿಲ್ಲ. ಅದರ ಬುಡ ನನಗೆ ಸಿಕ್ಕಿರಲಿಲ್ಲ, ನಕ್ಷೆಯಲ್ಲೂ ಇರಲಿಲ್ಲ.

"ಇತ್ತು ಅಂತ ಹೇಳ್ತಿದೀನಲ್ಲ," ಎಂದರು ಅಪ್ಪ.

"ಅದಕ್ಕೇ ಹಾಕಲ್ಲ. ಮರ ನಿಮ್ಮ ಮಾತು. ಮೋರಿ ಯಾರ ಮಾತೂ ಅಲ್ಲ."

ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ಮರವಿಲ್ಲದೆ ಓಡಿಸಿ ನೋಡಿದರು. ಡ್ರೈವರ್ ಕುರ್ಚಿಯಿಂದ ಕೈಮರ ಕಾಣಲಿಲ್ಲ. ತಿರುವಿನಿಂದ ಹೊರಬಂದ ಮೇಲೆ ಕಂಡಿತು. ಆಗ ಅದು ಬೆನ್ನ ಹಿಂದೆ ಹೋಗುವುದರಲ್ಲಿತ್ತು. ಅಪ್ಪ ಇನ್ನೂ ಮೂರು ಸಲ ಓಡಿಸಿದರು. ಕೆಳಗಿಳಿದು ಹೋದರು. ನಾನು ಕಿಟಕಿಯಿಂದ ನೋಡಿದೆ. ರಸ್ತೆ ದಾಟುವಾಗ ಅವರು ಎರಡೂ ಕಡೆ ನೋಡಲೇ ಇಲ್ಲ. ಒಬ್ಬ ಆಟೋದವನು ಬೈದ.

ಇದಾಗಿ ಒಂದು ವರ್ಷದ ಮೇಲೆ ಹಲ್ಲಿನ ಡಾಕ್ಟರು, ತಮ್ಮ ರೋಗಿಗಳಲ್ಲಿ ಒಬ್ಬ ಹಿರಿಯ ಡ್ರೈವರ್ ಇದ್ದಾರೆ, ಬಾಯಿ ತೆರೆಸಿ ಕೂರಿಸಿದರೂ ರೈಲಿನ ಮಾತೇ, ಒಂದು ದಿನ ಕರೆತರಲೇ ಎಂದು ಕೇಳಿದರು. ಹೆಸರು ಹೇಳಿದರು; ಅಪ್ಪನ ಆ ಸಹಾಯಕರದೇ. ಅಪ್ಪನ ಆ ಎರಡು ಹಲ್ಲು ಕಟ್ಟಿಕೊಟ್ಟವರೂ ಇದೇ ಡಾಕ್ಟರು. ಅವರಿಗೆ ಏನೂ ಗೊತ್ತಿರಲಿಲ್ಲ. ಅಪ್ಪ ಆ ದಿನ ಬಂದಿರಲಿಲ್ಲ. ಖಂಡಿತ ಕರೆತನ್ನಿ ಎಂದೆ, ಆದರೆ ನಾಲ್ಕು ತಿಂಗಳು ಬಿಟ್ಟು, ಒಂದು ಹಳೆಯ ಮಾರ್ಗ ಸಿದ್ಧವಾಗುತ್ತಿದೆ, ಅವರಿಗೆ ಇಷ್ಟವಾಗುತ್ತದೆ. ಆ ನಾಲ್ಕು ತಿಂಗಳಲ್ಲಿ ಮಾರ್ಗಕ್ಕೆ ಅಂದ ಕೊಟ್ಟೆ. ತಿರುವಿಗೆ ಮುಂಚಿನ ಸೇತುವೆ, ಗೇಟು, ಗೇಟಿನವಳ ಎಮ್ಮೆ, ಬಾವಿ. ಬೋನಿಗೆ ಕೊಬ್ಬರಿ ಇಟ್ಟೆ ಎಂದೇ ಬರೆಯಬೇಕು.

ನನ್ನ ಉಪಾಯ ಇನ್ನೂ ಒಂದಿತ್ತು. ಅವರು ಬಲಗಡೆ ಕೂರಲಿ, ಅಪ್ಪ ಎಡಗಡೆ ಕೂತು ಕೈಮರ ಅಡ್ಡ ಇದ್ದರೂ "ಇಳಿದಿದೆ" ಎಂದು ಹೇಳಲಿ. ಅವರು ಕೆಂಪು ದಾಟಲಿ, ಗೂಡ್ಸಿಗೆ ಗುದ್ದಲಿ, ನಾಲ್ಕು ಜನರ ಮುಂದೆ. ಹಿಂದಿನ ರಾತ್ರಿ ಊಟ ಮಾಡುವಾಗ ಅಪ್ಪನಿಗೆ ಹೇಳಿದೆ. ಅಪ್ಪ ಮಜ್ಜಿಗೆ ಅನ್ನ ಕಲಸಿಕೊಂಡರು.

ಆ ಭಾನುವಾರ ಆ ಹಳೆಯ ಸಹಾಯಕ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಡಾಕ್ಟರ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅಪ್ಪನನ್ನು ನೋಡಿ ಬಾಗಿಲಲ್ಲೇ ನಿಂತರು. ಅಪ್ಪ, "ಬಾ, ಕೂತ್ಕೋ," ಎಂದರು, ನಿನ್ನೆ ಡ್ಯೂಟಿ ಮುಗಿಸಿ ಬೇರೆಯಾದವರಂತೆ. ಅವರಿಗೆ ಅಷ್ಟು ಸಾಕಾಯಿತು. ಕಾಫಿ ಕುಡಿದರು. ಟೀಚರ್ ಗಾಂಧಿ ಬಜಾರಿನಿಂದ ತಂದಿದ್ದ ಖಾರಾ ಬಿಸ್ಕತ್ತು ತಿಂದರು. ಡ್ರೈವರ್ ಕುರ್ಚಿಯಲ್ಲಿ ಕೂತರು. ಅಪ್ಪ ತಾವಾಗಿಯೇ ಎದ್ದು ಸ್ಟೂಲಿನ ಮೇಲೆ ಕೂತರು. ಯಜಮಾನರು, ಟೀಚರ್, ಡಾಕ್ಟರು ಮೂವರೂ ಅವರ ಕುರ್ಚಿಯ ಹಿಂದೆ ನಿಂತರು. ಅಂದರೆ ಆ ಮೂವರಿಗೂ ಕಾಣುತ್ತಿದ್ದದ್ದು ದೊಡ್ಡ ಪರದೆ ಮಾತ್ರ.

ಗಾಡಿ ಹೊರಟಿತು. ಅವರ ಕೈ ಚೆನ್ನಾಗಿ ಓಡುತ್ತಿತ್ತು, ಅದನ್ನು ಒಪ್ಪಬೇಕು. ಎರಡು ಮೈಲಿ ಹೋಗುವುದರೊಳಗೆ ಮಾರ್ಗ ಗುರುತಾಯಿತು. ಹೆದರುತ್ತಾರೆ ಎಂದುಕೊಂಡಿದ್ದೆ, ಅವರು ಅರಳಿಬಿಟ್ಟರು. ಸೇತುವೆ ಬರುವ ಮೊದಲೇ ಸೇತುವೆ ಎಂದರು. ಗೇಟಿನವಳಿಗೆ ಕಾಲು ಕುಂಟು ಎಂದರು. ಎಮ್ಮೆ ಕಂಡಾಗ ಮಗುವಿನಂತೆ ನಕ್ಕು, ಇದನ್ನೆಲ್ಲ ಮಾಡಿದ ಪುಣ್ಯಾತ್ಮ ಯಾರು ಎಂದು ಕೇಳಿದರು. ಯಜಮಾನರು ನನ್ನತ್ತ ಕೈ ತೋರಿಸಿದರು. ಅವರು ಹಿಂತಿರುಗಿ ನನಗೆ ಕೈ ಮುಗಿದರು. ನಾನೂ ಮುಗಿದೆ. ಆ ಆಟದಲ್ಲಿ ಎಲ್ಲರಿಗೂ ಆಗುವುದೇ ಅದು: ಕಳೆದುಹೋದದ್ದು ಇದ್ದ ಜಾಗದಲ್ಲೇ ಕಂಡಾಗ, ಅಲ್ಲಿ ತಾನೇನು ಮಾಡಿದ್ದೆ ಎಂಬುದು ಮರೆತುಹೋಗುತ್ತದೆ.

ಅಪ್ಪ ಒಂದೊಂದು ಕೈಮರವನ್ನೂ ಹೇಳುತ್ತಿದ್ದರು. ಅವರು ತಿರುಗಿ ಹೇಳುತ್ತಿದ್ದರು. ಮೋರಿ ದಾಟಿತು. ಹಳಿ ಎಡಕ್ಕೆ ಬಾಗಿತು. ದೊಡ್ಡ ಪರದೆಯಲ್ಲಿ ಇಂಜಿನ್ನಿನ ಮೂತಿ, ಆಕಾಶ, ಬಲಗಡೆಯ ಬಯಲು, ಅಷ್ಟೇ. ಚಿಕ್ಕ ಪರದೆಯಲ್ಲಿ ಕೈಮರ, ತೋಳು ಅಡ್ಡ. ಅಪ್ಪನ ಬಾಯಿ ನೋಡಿದೆ. ಇಳಿದಿದೆ ಅನ್ನಿ, ಅನ್ನಿ ಎಂದು ಒಳಗೊಳಗೇ ಹಲ್ಲು ಕಚ್ಚಿದೆ.

"ಅಡ್ಡ ಇದೆ. ನಿಲ್ಲಿಸು," ಎಂದರು ಅಪ್ಪ.

"ಅಡ್ಡ ಇದೆ," ಎಂದು ಅವರು ಬ್ರೇಕು ಹಾಕಿದರು. ಗಾಡಿ ಕೈಮರಕ್ಕೆ ಸ್ವಲ್ಪ ಮುಂಚೆ ನಿಂತಿತು.

ನನಗೆ ಅಪ್ಪನ ಮೇಲೆ ಬಂದಷ್ಟು ಸಿಟ್ಟು ಆ ಕ್ಷಣದಲ್ಲಿ ಅವರ ಮೇಲೂ ಬರಲಿಲ್ಲ. ಇಷ್ಟು ವರ್ಷ ಕಾದದ್ದು, ಟೇಪು ಹಿಡಿದು ಜಾಲಿಯಲ್ಲಿ ತೆವಳಿದ್ದು ಎಲ್ಲ ಹಾಳಾಯಿತು ಅನ್ನಿಸಿತು. ಆಗ ಟೀಚರ್ ಪರದೆಯ ಹತ್ತಿರ ಬಾಗಿದರು. ಅವರಿಗೆ ಹಳೆಯ ಕಥೆ ಏನೂ ಗೊತ್ತಿರಲಿಲ್ಲ.

"ಎಲ್ಲಿದೆ ಸರ್ ಕೈಮರ? ನಮಗೆ ಕಾಣ್ತಾನೇ ಇಲ್ವಲ್ಲ."

"ಕಾಣಲ್ಲಮ್ಮ," ಎಂದರು ಅವರು, ಪಾಠ ಹೇಳುವವರ ಉತ್ಸಾಹದಲ್ಲಿ. "ಮೂತಿ ಮುಂದಾಗಿರೋವಾಗ ಎಡ ತಿರುವಲ್ಲಿ ಈ ಕುರ್ಚಿಗೆ ಏನೂ ಕಾಣಲ್ಲ. ದೇವರು ಕೂತ್ರೂ ಕಾಣಲ್ಲ. ಎಡಗಡೆಯವನು ಹೇಳಿದ್ದೇ ವೇದ."

ಹೇಳಿ ಮುಗಿಸಿದ ಮೇಲೆ ಅವರ ಕಿವಿಗೆ ಅದು ಬಿತ್ತು ಅಂತ ಕಾಣುತ್ತದೆ. ಬ್ರೇಕಿನ ಮೇಲಿದ್ದ ಕೈ ಹಾಗೇ ಇತ್ತು. ಕೆಳಗೆ ರಸ್ತೆಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು. ಅವಳ ಕೂಗು ಬೀದಿಯ ಆ ತುದಿಗೆ ಮುಟ್ಟಿತು.

ರಟ್ಟಿನ ಆಚೆಯಿಂದ ಅಪ್ಪ ಕೇಳಿದರು. ಧ್ವನಿ ಏರಿರಲಿಲ್ಲ. "ಆವತ್ತು ಎಡಗಡೆಯವನು ಏನು ಹೇಳಿದ?"

ಅವರು ಬ್ರೇಕಿನಿಂದ ಕೈ ತೆಗೆದರು.

"ಇಳಿದಿದೆ ಅಂದೆ, ಅಣ್ಣ."

"ನೋಡಿ ಅಂದ್ಯಾ?"

"ಇಲ್ಲ. ಡಬ್ಬಿ ಬಿಚ್ತಾ ಇದ್ದೆ. ಅತ್ತಿಗೆ ಕೊಟ್ಟಿದ್ದ ಡಬ್ಬಿ. ಆ ಕೈಮರ ಆ ಹೊತ್ತಲ್ಲಿ ಯಾವತ್ತೂ ಇಳಿದೇ ಇರ್ತಿತ್ತು."

ಅಪ್ಪ ಕೇಳಿದ ಮುಂದಿನ ಪ್ರಶ್ನೆ ನನಗೆ ಇಂದಿಗೂ ಅರ್ಥವಾಗಿಲ್ಲ. "ಏನಿತ್ತು ಡಬ್ಬೀಲಿ?" ಎಂದರು.

"ಹುಳಿಯನ್ನ."

"ಹೌದು," ಎಂದರು ಅಪ್ಪ. "ಹುಳಿಯನ್ನವೇ."

ನನ್ನ ಜೇಬಿನಲ್ಲಿ ಒಂದು ಹಾಳೆ ಇತ್ತು. ವಿಚಾರಣೆಯಲ್ಲಿ ಹೇಳಿದ ಎರಡೂ ಮಾತು ಸುಳ್ಳು ಎಂದು ಬರೆದು, ರುಜುವಿಗೆ ಜಾಗ ಬಿಟ್ಟು ತಂದಿದ್ದೆ. ಅದನ್ನು ತೆಗೆದು ಅವರ ಮುಂದೆ ಹಿಡಿದೆ. ಅವರು ಪೆನ್ನಿಗೆ ಕೈ ಚಾಚಿದರು. ಅಪ್ಪ ಸ್ಟೂಲಿನಿಂದ ಎದ್ದು ಬಂದು ಹಾಳೆಯನ್ನು ತೆಗೆದುಕೊಂಡು ನಾಲ್ಕಾಗಿ ಮಡಚಿ ನನ್ನ ಜೇಬಿಗೇ ತುರುಕಿದರು. ಬೇಡ, ಇವರೆಲ್ಲ ಕೇಳಿದರಲ್ಲ ಎಂದರು. ಅವರು ಕ್ಷಮಿಸಿ ಅಣ್ಣ ಎಂದು ಕುರ್ಚಿಯಿಂದ ಏಳಹೋದರು. ಅಪ್ಪ ಅವರ ಭುಜದ ಮೇಲೆ ಕೈಯಿಟ್ಟು ಕೂರಿಸಿದರು. ನೋಡಿದವರಿಗೆ ಅದು ಪ್ರೀತಿಯಂತೆ ಕಂಡಿರಬಹುದು.

"ಗಾಡಿ ದಾರೀಲಿ ನಿಂತಿದೆ," ಎಂದರು. "ಕೈ ಇಳಿದ ಮೇಲೆ ಹೊರಡು. ಕೊನೇ ಸ್ಟೇಷನ್ ತನಕ ಹೋಗ್ಬೇಕು."

ಆಗ ನನಗೆ ತಿಳಿಯಿತು, ನನ್ನ ಉಪಾಯ ಎಷ್ಟು ಬಡಪಾಯಿ ಉಪಾಯವಾಗಿತ್ತೆಂದು. ಅಪ್ಪ ಹೋಗಿ ಮತ್ತೆ ಸ್ಟೂಲಿನ ಮೇಲೆ ಕೂತರು. ಮುಂದೆ ಇನ್ನೂ ಒಂಬತ್ತು ಕೈಮರಗಳಿದ್ದವು. ಒಂಬತ್ತನ್ನೂ ಅಪ್ಪ ಗಟ್ಟಿಯಾಗಿ, ಬಿಡಿಸಿ, ಇದ್ದದ್ದನ್ನು ಇದ್ದಂತೆ ಹೇಳಿದರು. ಒಂಬತ್ತನ್ನೂ ಅವರು ತಿರುಗಿ ಹೇಳಬೇಕಾಯಿತು. ಮೂರನೆಯದಕ್ಕೆ ಧ್ವನಿ ಒಡೆಯಿತು. ಆರನೆಯದನ್ನು ಅವರು ಎಷ್ಟು ಮೆಲ್ಲಗೆ ಹೇಳಿದರೆಂದರೆ ಅಪ್ಪ "ಕೇಳಿಸ್ಲಿಲ್ಲ" ಎಂದು ಮತ್ತೆ ಹೇಳಿಸಿದರು. ಟೀಚರ್ ನಡುವೆ ನೀರು ಕೊಡಹೋದರು. ಅಪ್ಪ, ಗಾಡಿ ನಿಂತ ಮೇಲೆ ಕೊಡಿ ಎಂದರು. ಇಪ್ಪತ್ತೆರಡು ನಿಮಿಷ ಹಿಡಿಯಿತು. ನಾನು ಒಂದು ನಿಮಿಷವನ್ನೂ ಬಿಡದೆ ನೋಡಿದೆ. ಸಂತೋಷವಾಯಿತು. ಆಗಲಿಲ್ಲ ಎಂದು ಬರೆದರೆ ಅದೂ ಸುಳ್ಳು ಸಾಕ್ಷಿಯಾಗುತ್ತದೆ.

ಡಬ್ಬಿಯ ವಿಷಯವನ್ನು ಅಮ್ಮನಿಗೆ ಹೇಳಿಲ್ಲ. ಅಪ್ಪನೂ ಹೇಳಲಿಲ್ಲ. ಸೂಜಿದಾರ ಬೇಕಾದಾಗ ಈಗ ನಾನು ಅಂಗಡಿಯಿಂದ ಹೊಸದು ತರುತ್ತೇನೆ. ಆ ಡಬ್ಬಿಯ ಮುಚ್ಚಳ ತೆಗೆಯಲು ಕೈ ಬರುವುದಿಲ್ಲ.

ಅವರು ಮತ್ತೆ ಬರಲಿಲ್ಲ. ಹಲ್ಲಿಗೂ ಬೇರೆ ಕಡೆ ಹೋಗುತ್ತಿದ್ದಾರಂತೆ. ನಾವು ಈಗಲೂ ಆ ಮಾರ್ಗ ಓಡಿಸುತ್ತೇವೆ. ಹೊಸಬರು ಯಾರು ಬಂದರೂ ನಾನು ಅವರನ್ನು ಮೊದಲು ಬಲಗಡೆ ಕೂರಿಸಿ ಆ ತಿರುವು ದಾಟಿಸುತ್ತೇನೆ. ಕೈಮರ ಕಂಡಿತೇ ಎಂದು ಕೇಳುತ್ತೇನೆ. ಇದುವರೆಗೆ ಕಂಡಿತು ಎಂದವರು ಇಲ್ಲ. ಹೊಂಗೆ ಮರ ಮಾತ್ರ ಈಗ ಇದೆ. ಅಪ್ಪ ಹೇಳಿದ ಜಾಗದಲ್ಲೇ ನೆಟ್ಟೆ, ಅವರು ತೀರಿಕೊಂಡ ಹದಿಮೂರನೆಯ ದಿನ ಕಳೆದು ಬಂದ ಭಾನುವಾರ.

ಅಂಗಡಿಯ ಯಜಮಾನರೂ ಈಗ ಇಲ್ಲ. ಮಹಡಿಯ ಬೀಗದ ಕೈ ಅವರ ಸೊಸೆ ಕೊಡುತ್ತಾರೆ. ಆ ದಿನ ಆ ಕೋಣೆಯಲ್ಲಿ ನೋಡಿದವರಲ್ಲಿ, ಕೇಳಿದವರಲ್ಲಿ, ನನ್ನನ್ನು ಬಿಟ್ಟರೆ ಉಳಿದವರು ಮೂವರು. ಬಸವನಗುಡಿಯ ಟೀಚರ್, ಅವರಿಗೆ ಒಂದೊಂದು ಮಾತೂ ನೆನಪಿದೆ. ಮಲ್ಲೇಶ್ವರದ ಹಲ್ಲಿನ ಡಾಕ್ಟರು. ಅವರಿಗೆ ನೆನಪಿಟ್ಟುಕೊಳ್ಳಲು ಇಷ್ಟವಿಲ್ಲ, ಆದರೆ ಕೇಳಿದರೆ ಹೇಳುತ್ತಾರೆ. ಮೂರನೆಯವರು, ಆ ದಿನ ಬಲಗಡೆ ಕೂತಿದ್ದವರು, ಅದೇ ಮಲ್ಲೇಶ್ವರದಲ್ಲಿ, ಡಾಕ್ಟರ ಕ್ಲಿನಿಕ್ಕಿನಿಂದ ಎರಡು ಅಡ್ಡರಸ್ತೆ ಆಚೆ ಇದ್ದಾರೆ. ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ, ಸಂಜೆ ವಾಕಿಂಗ್ ಹೋಗುತ್ತಾರೆ, ಕಿವಿ ಚೆನ್ನಾಗಿ ಕೇಳಿಸುತ್ತದೆ.